ಎಂಟು ಮರಿಹಾವುಗಳ ಜ್ವರ

ಮದುವೆಯಾಗಿ ತೂಬಗೆರೆಗೆ ಬರುವಾಗ ನಾನು ತಂದದ್ದು ಒಂದು ಬೀರು, ಒಂದು ಮಿಕ್ಸಿ, ಒಂದು ಹಾವು. ಹಾವು ಹೊರದೇಶದ ಜಾತಿ, ವಿಷವಿಲ್ಲ, ಸಾಕಲು ಕಾಗದಪತ್ರ ಇದೆ ಎಂದು ಎಷ್ಟು ಹೇಳಿದರೂ ಅತ್ತೆ ಅದರ ಕೋಣೆಯ ಹೊಸಿಲು ದಾಟಲಿಲ್ಲ. ಮಿಕ್ಸಿ ಮಾತ್ರ ಮೊದಲ ದಿನವೇ ಅವರದಾಯಿತು.

ಹೋದ ವರ್ಷ ನನ್ನ ಹಾವು ಗೆಳತಿಯ ಮನೆಯ ಗಂಡುಹಾವಿನ ಜೊತೆ ಸ್ವಲ್ಪ ದಿನ ಇದ್ದು ಬಂದು ಮೊಟ್ಟೆಯಿಟ್ಟಿತು. ಎಂಟು ಮರಿಗಳಾದವು, ಒಂದೊಂದೂ ಸುತ್ತಿಕೊಂಡರೆ ಒಂದು ಚಕ್ಕುಲಿಯಷ್ಟು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ನುಂಗಬಹುದೆಂದು ಎಂಟು ಸ್ವೀಟ್ ಡಬ್ಬಿಗಳಿಗೆ ತೂತು ಕೊರೆದು, ಟಿಶ್ಯೂ ಹಾಸಿ, ಬಾಟಲಿ ಮುಚ್ಚಳದಲ್ಲಿ ನೀರಿಟ್ಟು, ಬೇರೆ ಬೇರೆ ಸಂಸಾರ ಹೂಡಿಕೊಟ್ಟೆ.

ಅತ್ತೆ ಹೊಸಿಲಾಚೆಯಿಂದಲೇ ತೀರ್ಪು ಕೊಟ್ಟರು. "ನೋಡಮ್ಮಾ, ಇದ್ರಲ್ಲಿ ಒಂದು ಸತ್ರೂ ಸರ್ಪದ ಪಾಪ ನಮ್ಮನೇಗೆ. ಅವತ್ತೇ ತಾಯಿ ಸಮೇತ ಎಲ್ಲಾ ಆಚೆಗೆ."

ಆ ತಾಯಿಹಾವು ನನಗೆ ಗಂಡನಿಗಿಂತ ಹಳೆಯ ಪರಿಚಯ. ಮೂರನೇ ದಿನದಿಂದಲೇ ಉಣಿಸಲು ನಿಂತೆ. ಹಾವಿನ ಊಟಕ್ಕೆಂದು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಸತ್ತ ಇಲಿಮರಿಗಳನ್ನು ಬಿಸಿನೀರಿನಲ್ಲಿಟ್ಟು, ಐಸ್ ಬಿಡಿಸಿ, ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಕುಣಿಸಿದೆ. ಎಂಟೂ ಮುಖ ತಿರುಗಿಸಿದವು. ಹಾಡು ಹೇಳಿದೆ. ಹಾವಿಗೆ ಕಿವಿಯಿಲ್ಲ ಎಂಬುದು ಮೂರನೇ ಹಾಡಿಗೆ ನೆನಪಾಯಿತು. ಆರನೇ ದಿನ ಮರಿಗಳ ಕಣ್ಣು ಮಬ್ಬುಗಟ್ಟಿದವು. ದೊಡ್ಡ ಹಾವು ಪೊರೆ ಬಿಡುವಾಗ ಹೀಗಾಗುವುದನ್ನು ಎಷ್ಟೋ ಸಲ ನೋಡಿದ್ದೆ. ವಾರ ತುಂಬದ ಕೂಸುಗಳೂ ಪೊರೆ ಬಿಡುತ್ತವೆಂದು ಮಾತ್ರ ಹೊಳೆಯಲಿಲ್ಲ. ಕುರುಡಾದವೆಂದು ಅಳುತ್ತಾ ಕೂತೆ.

ಅಳು ಕೇಳಿ ಅತ್ತೆ ಬಂದರು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಹೊಸಿಲ ಮೇಲಿಂದಲೇ ಬಗ್ಗಿ ನೋಡಿ, "ಜ್ವರಕ್ಕೆ ಕೂತವೆ ಕಣಮ್ಮ. ಈಗ ಯಾರಾದ್ರೂ ತಿನ್ಸಕ್ಕೆ ಹೋಗ್ತಾರಾ?" ಎಂದರು. ರೇಷ್ಮೆ ಹುಳು ಚರ್ಮ ಕಳಚುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದೂ ಇಲ್ಲ.

"ಪೊರೆ ಬಿಡೋ ಗಂಟ ಮುಟ್ಟಿದ್ಯೋ, ಕೈ ಮುರೀತೀನಿ."

ಹತ್ತನೇ ದಿನದ ಹೊತ್ತಿಗೆ ಎಲ್ಲವೂ ಪೊರೆ ಕಳಚಿದವು. ಏಳು ಮರಿಗಳು ಇಲಿಮರಿಯನ್ನು ಕಂಡದ್ದೇ ತಡ, ನುಂಗಿದವು. ಎಲ್ಲಕ್ಕಿಂತ ಸಣ್ಣದು ಜಪ್ಪಯ್ಯ ಎಂದರೂ ಬಾಯಿ ತೆರೆಯಲಿಲ್ಲ. ಮತ್ತೆ ಕುಣಿಸಿದೆ, ಮತ್ತೆ ಬೇಡಿಕೊಂಡೆ. ಹೀಗೇ ವಾರ ಕಳೆಯಿತು.

"ಹಿಂದೆ ಬಿದ್ದಿರೋ ಹುಳಾನ ಹಿಂಗಾ ಗೋಳು ಹುಯ್ಕೊಳ್ಳೋದು? ಕೊಡಿಲ್ಲಿ," ಎನ್ನುತ್ತಾ ಅತ್ತೆ ಹೊಸಿಲು ದಾಟಿ ಬಂದೇಬಿಟ್ಟರು. ಡಬ್ಬಿಯನ್ನು ಕತ್ತಲ ಮೂಲೆಗಿಟ್ಟು, ಇದ್ದುದರಲ್ಲೇ ಚಿಕ್ಕ ಇಲಿಮರಿಯನ್ನು ಒಳಗೆ ಹಾಕಿಸಿ, ಹಳೆಯ ಪೇಪರ್ ಮುಚ್ಚಿ, ಪಕ್ಕದಲ್ಲೇ ಕಾವಲು ಕೂತರು. ನಾನು ಇಣುಕಲು ಹೋದಾಗಲೆಲ್ಲ ಮಂಡಿಗೊಂದು ಏಟು. ಮಧ್ಯಾಹ್ನ ಪೇಪರ್ ಎತ್ತಿದರೆ ಇಲಿಮರಿ ಇಲ್ಲ, ಹಾವಿನ ಹೊಟ್ಟೆ ಗುಂಡಗಾಗಿತ್ತು. ನನಗೆ ಮತ್ತೆ ಅಳು ಬಂತು, ಈ ಸಲ ಖುಷಿಗೆ.

"ಹಂಗಾದ್ರೆ ತಾಯಿಹಾವು ಇಲ್ಲೇ ಇರ್ಬೋದಾ ಅತ್ತೆ?"

"ಇರ್ಲಿ. ಆ ಏಳು ಮರಿ ಯಾರಿಗಾದ್ರೂ ಕೊಡು. ಇದನ್ನ ಮಾತ್ರ ಬ್ಯಾಡ." ಅತ್ತೆ ಡಬ್ಬಿಯನ್ನು ಮಡಿಲಿಗೆಳೆದುಕೊಂಡರು. "ತಗೊಂಡೋಗೋರು ನಿನ್ನಂಥೋರೇ ಆಗ್ಬಿಟ್ರೆ?"