ಅಪ್ಪ ಹಾಕದ ಕೋಟು

ನಲವತ್ತಾರನೇ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದ ಹೆಂಗಸನ್ನು ಜನ ಎರಡು ರೀತಿ ನೋಡುತ್ತಾರೆ. ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವ ಅಂಕಲ್‌ಗಳು "ಯಾವ ಪೇಪರ್ ಮೇಡಂ?" ಎಂದು ಕೇಳುತ್ತಾರೆ. ಮನೆಯವರು "ಇವಳಿಗೇನು ಬಂತು ರೋಗ" ಎನ್ನುವ ಹಾಗೆ ನೋಡುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅಂಕಲ್‌ಗಳಿಗೆ "ಕೊಕ್ಕರೆ ಪೇಪರ್" ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಆಫೀಸಿನಲ್ಲಿ ಜೊತೆಯವರೊಬ್ಬರು ಹೊಸ ಕ್ಯಾಮೆರಾ ಕೊಂಡಾಗ ಅವರ ಹಳೆಯ ಡಿಎಸ್‌ಎಲ್‌ಆರ್ ನನ್ನ ಪಾಲಿಗೆ ಬಂತು, ಜೊತೆಗೆ ಗಿಡ್ಡನೆಯದೊಂದು ಲೆನ್ಸು. ಮೊದಲ ತಿಂಗಳು ತೆಗೆದದ್ದೆಲ್ಲ ಒಂದೋ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಇಲ್ಲವೇ ಬಾಂಡ್ಲಿಯ ತಳದ ಹಾಗೆ ಕಪ್ಪಗೆ. ಲೆನ್ಸಿನೊಳಗೆ ಬೆಳಕು ಬರಲು ಒಂದು ಬಾಯಿ ಇರುತ್ತದೆ. ಅಪರ್ಚರ್ ಅಂದರೆ ಅದೇ. ಅದರ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಈ ತಲೆಕೆಳಗು ಲೆಕ್ಕ ನನ್ನ ತಲೆಗೆ ಹತ್ತಲೇ ಇಲ್ಲ. ಕೊನೆಗೆ ಅತ್ತೆಯನ್ನು ನೆನೆಸಿಕೊಂಡೆ. ಅಪ್ಪನ ತಂಗಿ, ಪಕ್ಕದ ಮನೆಯಲ್ಲೇ ಇರುವುದು. ಎತ್ತರ ನಾಲ್ಕೂವರೆ ಅಡಿ, ಬಾಯಿ ಮಾತ್ರ ನಮ್ಮ ಇಡೀ ಹೊಸಕೆರೆಹಳ್ಳಿಗೆ ಕೇಳಿಸುತ್ತದೆ. ಅವತ್ತಿನಿಂದ ಆ ಲೆಕ್ಕ ಮರೆತಿಲ್ಲ.

ಒನ್ ಪಾಯಿಂಟ್ ಏಟ್ ನನ್ನ ಲೆನ್ಸಿನ ಅತಿ ಚಿಕ್ಕ ಅಂಕಿ. ಅಲ್ಲಿಟ್ಟು ತುಳಸಿ ಗಿಡದ ಫೋಟೋ ತೆಗೆದರೆ ಒಂದೇ ಒಂದು ಎಲೆ ಸ್ಪಷ್ಟ. ಹಿಂದಿನ ಬಾಡಿಗೆ ಮನೆಗಳು, ಒಣಹಾಕಿದ ಬಟ್ಟೆ, ಕೇಬಲ್ ವೈರು ಎಲ್ಲ ಬೆಣ್ಣೆಯಂತೆ ಕರಗಿಹೋಗುತ್ತಿದ್ದವು. ಅಬ್ಬಾ, ನನ್ನ ಜಂಬವೇ! ಏನು ಕಂಡರೂ ಹಿಂದಿನದನ್ನು ಮಸುಕು ಮಾಡಿದರೇ ಸಮಾಧಾನ. ಆ ಅಂಕಿ ಬಿಟ್ಟು ಕದಲುತ್ತಲೇ ಇರಲಿಲ್ಲ.

ಒಂದು ಸಂಜೆ ಅಮ್ಮ ಅವರೆಕಾಯಿ ಸುಲಿಯುತ್ತಾ ತಲೆಯೆತ್ತದೆ ಹೇಳಿದಳು: "ಆ ಕೊಕ್ಕರೆಗೆ ನೂರು ಫೋಟೋ ತೆಗ್ದೆ. ನಂಗೂ ನಿಮ್ಮಪ್ಪಂಗೂ ಜೊತೇಲಿ ಒಂದು ತೆಗ್ಕೊಡೇ."

ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಅಮ್ಮನಿಗೆ ಅರಳುಮರಳು ಶುರುವಾಯಿತೇ ಎಂದುಕೊಂಡೆ.

ಅರಳುಮರಳೇನಲ್ಲ. ಅವರಿಬ್ಬರೂ ಜೊತೆಗಿರುವ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಮದುವೆ ಮನೆಮುಂದಿನ ಚಪ್ಪರದಲ್ಲೇ ಆಯಿತು, ಫೋಟೋದವರನ್ನು ಯಾರೂ ಕರೆಸಲಿಲ್ಲ. ಆಮೇಲೆ ಅಮ್ಮ ಕೇಳಿದಾಗಲೆಲ್ಲ ಅಪ್ಪ "ಮುಂದಿನ ಹಬ್ಬಕ್ಕೆ ಸ್ಟುಡಿಯೋಗೆ ಹೋಗಾಣ" ಎನ್ನುತ್ತಿದ್ದರು. ಹಬ್ಬ ಬಂದಾಗ ಹಸು ಈಯುತ್ತಿತ್ತು, ಇಲ್ಲವೇ ಸೊಪ್ಪಿನ ಮಡಿಗೆ ನೀರು ಹಾಯಿಸಬೇಕಿತ್ತು. ಹೊಲವೆಲ್ಲ ಸೈಟಾದ ಮೇಲೆ ಮನೆ ಕಟ್ಟಿಸುವ ಗಡಿಬಿಡಿ. ಒಂದು ದಿನ ಅಪ್ಪನೇ ಇಲ್ಲವಾದರು.

ತಿಥಿಗೆಂದು ಓಟರ್ ಕಾರ್ಡಿನಲ್ಲಿದ್ದ ಮುಖವನ್ನು ಸ್ಟುಡಿಯೋದವರ ಹತ್ತಿರ ದೊಡ್ಡದು ಮಾಡಿಸಿದೆವು. ಅವರ ರೂಢಿಯೋ ಏನೋ, ಯಾರೂ ಕೇಳದಿದ್ದರೂ ಅಪ್ಪನಿಗೊಂದು ಕೋಟು, ಟೈ ಅಂಟಿಸಿ ಹಿಂದೆ ನೀಲಿ ಬಣ್ಣ ಕೊಟ್ಟಿದ್ದರು. ಪಕ್ಕದ ಬೀದಿಯಲ್ಲಿ ತೀರಿಕೊಂಡ ಹಾಲಿನ ಅಂಗಡಿಯವರ ಮೈಮೇಲೂ ಅದೇ ಕೋಟು. ಜೀವಮಾನವಿಡೀ ಪಂಚೆ, ಬನಿಯನ್ನು, ಹೆಗಲ ಮೇಲೊಂದು ಚೌಕಳಿ ಟವೆಲ್ಲಿನಲ್ಲಿ ಕಳೆದ ಮನುಷ್ಯ ಗೋಡೆಯ ಮೇಲೆ ಸಾಹೇಬರಾಗಿ ಕೂತರು. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅಮ್ಮ ಪ್ರತಿ ವರ್ಷ ಗೊಣಗುತ್ತಿದ್ದಳು, "ಯಾರೋ ಇನ್ಶೂರೆನ್ಸ್ ಏಜೆಂಟಿಗೆ ಎಡೆ ಇಟ್ಟಂಗಾಯ್ತದೆ."

ಫೋಟೋ ಕೇಳಿದ ಆ ಸಂಜೆ ಮಾತ್ರ ಗೊಣಗಲಿಲ್ಲ. ಅವರೆಕಾಳಿನ ಪಾತ್ರೆ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. "ನಿಮ್ಮಪ್ಪನ ಮುಖ ಮರ್ತೋಯ್ತಾ ಐತೆ ಕಣೇ. ಕಣ್ಮುಚ್ಚಿದ್ರೆ ಆ ಕೋಟೇ ಬತ್ತದೆ."

ಸುದ್ದಿ ಅತ್ತೆಯ ಕಿವಿಗೆ ಬಿದ್ದಿದ್ದೇ ತಡ, ಓಡಿಬಂದಳು. "ಸತ್ತೋರ ಜೊತೆ ಬದುಕಿರೋರು ಫೋಟೋ ತೆಗಿಸ್ಕೋಬಾರ್ದು ಅತ್ತಿಗೆ! ಕರ್ಕೊಂಡೋಗ್ಬುಡ್ತಾರೆ!"

"ಇದ್ದಾಗ ಸ್ಟುಡಿಯೋಗೇ ಕರ್ಕೊಂಡೋಗ್ಲಿಲ್ಲ ನಿಮ್ಮಣ್ಣ," ಎಂದಳು ಅಮ್ಮ. "ಈಗೆಲ್ಲಿಗೆ ಕರ್ಕೊಂಡೋಗ್ತಾರೆ?"

ನಡುಮನೆಯಲ್ಲಿ ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಗೋಡೆಯ ಮೇಲಿದ್ದ ಅಪ್ಪನನ್ನು ಇಳಿಸಿ ತೊಡೆಯ ಮೇಲಿಟ್ಟೆ. ಎಂದಿನಂತೆ ಒನ್ ಪಾಯಿಂಟ್ ಏಟ್. ಅಮ್ಮನ ಕಣ್ಣಿಗೆ ಫೋಕಸ್ ಮಾಡಿದೆ. ಮೂಗುಬೊಟ್ಟಿನ ಹರಳು, ಹಣೆಯ ಒಂದೊಂದು ಗೆರೆ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಅಮ್ಮನಿಗೆ ತೋರಿಸಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ನಿಮ್ಮಪ್ಪ ಎಲ್ಲೇ?"

ಅಪ್ಪ ಮಸುಕಾಗಿದ್ದರು. ಅಮ್ಮನ ಮುಖಕ್ಕಿಂತ ಒಂದು ಗೇಣು ಮುಂದಿದ್ದ ಫ್ರೇಮಿನಲ್ಲಿ ಮುಖವೇ ಇಲ್ಲ, ನೀಲಿಯ ಮೇಲೊಂದು ಕಂದು ಚುಕ್ಕೆ.

"ಹಂಗೆ ಬ್ಲರ್ ಆದ್ರೇ ಚೆನ್ನಾಗಿರುತ್ತಮ್ಮ," ಎಂದೆ. ದೇವರಾಣೆ, ಹಾಗೇ ಅಂದೆ.

ಅಮ್ಮ ಸೆರಗಿನಿಂದ ಫ್ರೇಮಿನ ಗಾಜು ಒರೆಸಿ, ಅದನ್ನು ಎದೆಗವಚಿಕೊಂಡು ಒಳಗೆ ಹೋದಳು. ನನ್ನ ನಾಲಗೆಗಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು. ಮುಖ ಮರೆತುಹೋಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದವಳಿಗೆ ಮಸುಕು ಚೆನ್ನಾಗಿರುತ್ತದೆ ಎಂದು ಪಾಠ ಮಾಡಿದ್ದೆ.

ಮಾರನೆಯ ದಿನ ಅಮ್ಮನನ್ನು ಪುಸಲಾಯಿಸಿ ಮತ್ತೆ ಕೂರಿಸಿದೆ. ಇಬ್ಬರೂ ಸ್ಪಷ್ಟವಾಗಿ ಬರಬೇಕಾದರೆ ಲೆನ್ಸಿನ ಬಾಯಿ ಕಿರಿದು ಮಾಡಬೇಕು. ಹಾಗೆ ಮಾಡಿದರೆ ನಡುಮನೆಯ ಬೆಳಕು ಸಾಲದು. ಫ್ಲ್ಯಾಶ್ ಹಾಕಿದೆ, ಅದು ನೇರ ಗಾಜಿಗೆ ಬಡಿದು ಅಪ್ಪನ ಜಾಗದಲ್ಲಿ ಬರೀ ಬೆಳಕು ಬಂತು. "ಭಾನುವಾರ ಬೆಳಿಗ್ಗೆ ಟೆರೇಸಿಗೆ ಹೋಗೋಣ, ಬಿಸ್ಲಲ್ಲಿ ಸರಿಯಾಗುತ್ತೆ," ಎಂದೆ. ಅಮ್ಮ ಎದ್ದು ಫ್ರೇಮನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು.

ಭಾನುವಾರ ನಾನು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿ ಕಾದೆ. ಬರುವುದಿಲ್ಲವೇನೋ ಅಂದುಕೊಂಡೆ. ಬಂದಳು. ರೇಷ್ಮೆ ಸೀರೆ, ಕಂಕುಳಲ್ಲಿ ಫ್ರೇಮು. ಹಿಂದೆಯೇ ಏದುಸಿರು ಬಿಡುತ್ತಾ, "ನಾ ಹೇಳೋದ್ ಹೇಳಿವ್ನಿ, ಆಮೇಲೆ ನನ್ನ ಅನ್ಬ್ಯಾಡಿ," ಎನ್ನುತ್ತಾ ಅತ್ತೆ.

ಅಮ್ಮ ಕೂತಳು. ಫ್ರೇಮು ತೊಡೆಯ ಮೇಲಿಟ್ಟುಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಗಂಟೊಂದನ್ನು ಬಿಚ್ಚಿದಳು. ಅಪ್ಪನ ಚೌಕಳಿ ಟವೆಲ್ಲು. ಹನ್ನೊಂದು ವರ್ಷ ಬೀರುವಿನಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಗಾಜಿನ ಮೇಲೆ ಕೋಟು ಮುಚ್ಚುವ ಹಾಗೆ ಕತ್ತಿನವರೆಗೂ ಹೊದಿಸಿದಳು. ಟೈ ಹೋಯಿತು, ಕಾಲರು ಹೋಯಿತು. ಮುಖವೊಂದೇ ಉಳಿಯಿತು.

ಅಂಕಿಯನ್ನು ಹನ್ನೊಂದಕ್ಕಿಟ್ಟೆ. ಗಾಜಿನಲ್ಲಿ ಆಕಾಶ ಕಾಣದ ಹಾಗೆ ಫ್ರೇಮನ್ನು ಕೊಂಚ ಬಗ್ಗಿಸಲು ಹೇಳಿ, ಕ್ಯಾಮೆರಾ ಕಣ್ಣಿಗಿಟ್ಟುಕೊಂಡೆ.

"ತಡಿಯೇ!" ಅತ್ತೆ ಕೂಗಿದಳು. ಅಡ್ಡ ಬಂದವಳೇ ಟವೆಲ್ಲಿನ ತುದಿಯನ್ನು ಅಪ್ಪನ ಎಡಹೆಗಲ ಕಡೆಗೆ ಎಳೆದು ಕೂರಿಸಿದಳು. "ನಮ್ಮಣ್ಣ ಈ ಕಡೆ ಹಾಕ್ತಿದ್ದ." ಆಮೇಲೆ ಮೂಗು ಸೊರ್ರೆಂದು ಎಳೆದುಕೊಳ್ಳುತ್ತಾ ಹಿಂದೆ ಸರಿದು ನಿಂತಳು.

ಒತ್ತಿದೆ. ಒಂದು ಸಾಲದೆಂದು ಇನ್ನೆರಡು ಸಲ ಒತ್ತಿದೆ.

ಅಮ್ಮ ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದುಕೊಂಡಳು. ನಾನು ಬಟನ್ ಒತ್ತಿ ಚಿತ್ರ ಹಿಗ್ಗಿಸುತ್ತಾ ಹೋದೆ. ಅವಳ ಮುಖ, ಅವರ ಮುಖ, ಟವೆಲ್ಲಿನ ಚೌಕಳಿ, ಹಿಂದೆ ಟ್ಯಾಂಕಿನ ಪೈಪು, ಎಲ್ಲವೂ ಸ್ಪಷ್ಟ. ಅಮ್ಮ ತುಂಬಾ ಹೊತ್ತು ನೋಡಿದಳು.

"ಮುಂದಿನ ಹಬ್ಬ, ಮುಂದಿನ ಹಬ್ಬ ಅಂತಿದ್ರು," ಎಂದಳು ಅತ್ತೆಯ ಕಡೆ ಕ್ಯಾಮೆರಾ ತಿರುಗಿಸಿ. "ಬಂದ್ರು ನೋಡು."