ಹೆಬ್ಬಲಸಿನ ಬುಡಕ್ಕಿಟ್ಟ ಖಣ

ಆಸೆಯೂ ನನ್ನದೇ, ಹಟವೂ ನನ್ನದೇ. ಅನುಭವಿಸುತ್ತಿರುವವನು ಮಾತ್ರ ನನ್ನ ತಮ್ಮ.

ಆನವಟ್ಟಿ ಹತ್ತಿರದ ನಮ್ಮೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೆವು. ತಲೆಬಾಗಿಲಿಗೆ ಹೆಬ್ಬಲಸಿನ ಮರವೇ ಆಗಬೇಕೆಂದು ನಾನು ಕೂತುಬಿಟ್ಟೆ. ಊರ ಹಿಂದಿನ ಸರ್ಕಾರಿ ಕಾಡಿನಲ್ಲಿ, ನಾವು ಕಾನು ಅನ್ನುವುದು ಅದನ್ನೇ, ನೆಟ್ಟಗೆ ಬೆಳೆದ ಒಂದು ಮರವಿತ್ತು. ಅಜ್ಜನ ಕಾಲದಿಂದ ಸೊಪ್ಪು ಸೌದೆ ತಂದ ಕಾಡು, ಒಂದು ಮರಕ್ಕೆ ಯಾರು ಕೇಳುತ್ತಾರೆ ಎಂದುಕೊಂಡೆವು. ಶಿಕಾರಿಪುರದ ಕಡೆ ತಾಳಗುಂದದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಟ್ರ್ಯಾಕ್ಟರ್ ತರಿಸಿದ್ದೂ ನಾನೇ. ಬಾಡಿಗೆಗೆ ಹೊಲ ಉಳುವುದೇ ಅವನ ಅನ್ನ.

ಮರ ಕಡಿಯುವ ಮುಂಚೆ ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ರವಿಕೆ ಖಣ ಇಟ್ಟು, ತಪ್ಪಾಯಿತೆಂದು ಬೇಡಿಕೊಳ್ಳುವುದು ನಮ್ಮ ಪದ್ಧತಿ. ಅದನ್ನೆಲ್ಲ ಮಾಡಿದೆ. ಮರ ಬಿದ್ದ ಮೇಲೆ ನನ್ನ ಗಂಡ, ಯಾರ ಕಣ್ಣಿಗೂ ಬೀಳದಿರಲೆಂದು ಬೊಡ್ಡೆಗೆ ತರಗೆಲೆ ಮುಚ್ಚಿದರು. ಖಣದ ಮೇಲೆ ಕಸ ಹಾಕ್ತಾರೇನ್ರೀ ಎಂದು ರೇಗಿ, ಎಲೆ ಸರಿಸಿ, ಆ ಕೆಂಪು ಖಣವನ್ನು ಬೊಡ್ಡೆಯ ಮೇಲೇ ಹಾಸಿ ಬಂದೆ. ಗಸ್ತಿಗೆ ಬಂದ ಫಾರೆಸ್ಟ್ ಗಾರ್ಡ್‌ಗೆ ದೂರದಿಂದಲೇ ಕಂಡದ್ದು ಅದು. ಗಾಲಿಯ ಗುರುತು ಹಿಡಿದು ಹೋಗಿ ಸಾಮಿಲ್ಲಿನ ದಾರಿಯಲ್ಲೇ ತಮ್ಮನನ್ನು ಹಿಡಿದರು. ಮರವನ್ನು ಕ್ಷಮೆ ಕೇಳಿದ ಬಾಯಿಗೆ ಇಲಾಖೆಯ ಅನುಮತಿ ಕೇಳಬೇಕೆಂದು ಹೊಳೆದಿರಲಿಲ್ಲ.

ನನ್ನ ಗಂಡನದ್ದು ಸರ್ಕಾರಿ ನೌಕರಿ. ಭಾವನ ಕೆಲಸಕ್ಕೆ ಕುತ್ತು ಬರಬಾರದೆಂದು ತಮ್ಮ, ಕಡಿದದ್ದು ತಾನೊಬ್ಬನೇ ಎಂದು ಹೇಳಿಕೆ ಕೊಟ್ಟ. ಈಗ ಜಾಮೀನಿನ ಮೇಲಿದ್ದಾನೆ. ಜೈಲು, ದಂಡ ಎರಡೂ ಆಗಬಹುದು, ಟ್ರ್ಯಾಕ್ಟರ್ ಸರ್ಕಾರಕ್ಕೇ ಸೇರಿದರೂ ಸೇರಬಹುದು ಎಂದು ಸೊರಬದ ವಕೀಲರು ಹೇಳಿದ್ದಾರೆ. ನಮ್ಮ ಮನೆಗೆ ಪೇಟೆಯ ರೆಡಿಮೇಡ್ ಬಾಗಿಲು ಬಂದು ಕೂತಿದೆ.

ಮೊನ್ನೆ ಆಯುಧಪೂಜೆಗೆ ತಮ್ಮ, ಟ್ರ್ಯಾಕ್ಟರ್ ಜಪ್ತಿ ಮಾಡಿ ನಿಲ್ಲಿಸಿಕೊಂಡಿರುವ ಅರಣ್ಯ ಕಚೇರಿಗೆ ಹೊರಟ. ನಾನೂ ಹೋದೆ. ಪೂಜೆ ಮಾಡಿಕೊಳ್ಳಲು ಬಿಟ್ಟರು. ಅಲ್ಲೇ ಪಕ್ಕದಲ್ಲಿ ನಮ್ಮ ಹೆಬ್ಬಲಸಿನ ದಿಮ್ಮಿ ನಂಬರ್ ಬರೆಸಿಕೊಂಡು ಬಿದ್ದಿತ್ತು. ತಮ್ಮ ಟ್ರ್ಯಾಕ್ಟರಿಗೆ ಚೆಂಡುಹೂವಿನ ಹಾರ ಹಾಕಿ, ಪ್ರತಿ ವರ್ಷದ ರೂಢಿಯಂತೆ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟ. ಅವುಗಳ ಮೇಲೆ ಗಾಡಿ ಹರಿಸಲು ಸೀಟಿಗೆ ಹತ್ತಹೊರಟವನು ಹಾಗೇ ನಿಂತುಬಿಟ್ಟ. ಕೀಲಿ ಕಚೇರಿಯವರ ಹತ್ತಿರ ಇತ್ತು. ಬಗ್ಗಿ ಒಂದೊಂದೇ ಹಣ್ಣು ಆರಿಸಿಕೊಂಡು, “ಪಾನಕ ಮಾಡ್ಕೊಂಡು ಕುಡಿಯಾಣ ಬಾರಕ್ಕ” ಎಂದು ನಕ್ಕ.

ನನಗೆ ತಡೆಯಲಾಗಲಿಲ್ಲ. “ಈ ಸಲ ಕೋರ್ಟಲ್ಲಿ ನಾನೇ ಕಡಿಸಿದ್ದು ಅಂತ ಹೇಳಿಬಿಡ್ತೀನಿ ಕಣೋ” ಎಂದೆ.

“ನಿಂಗೇನು ಹುಚ್ಚಾ? ಭಾವನ ನೌಕರಿ ಹೋದ್ರೆ ಇಬ್ರ ಮನೆನೂ ಹಾಳು. ಸುಮ್ನಿರು.”

ಆ ಮಾತು ಕೇಳಿ ನನ್ನ ಎದೆ ಹಗುರಾಯಿತು. ಥೂ, ಹಗುರಾಯಿತಲ್ಲ, ಎಂಥ ಅಕ್ಕ ನಾನು. ಅವನು ನಿಂಬೆಹಣ್ಣುಗಳನ್ನು ನನ್ನ ಕಡೆ ಚಾಚಿದ. ಸೆರಗೊಡ್ಡಿ ಹಾಕಿಸಿಕೊಂಡೆ.