ಪಂಪಿನಿಂದ ಬೆಂಚಿನವರೆಗೆ

ದೆಹಲಿಯಲ್ಲಿ ಕಾರಿಗೆ ಸಿಎನ್‌ಜಿ ತುಂಬಿಸುವಾಗ ಒಳಗೆ ಯಾರೂ ಕೂತಿರುವಂತಿಲ್ಲ. ಎಂಜಿನ್ ಆರಿಸಬೇಕು, ಮೊಬೈಲ್ ಬಂದ್ ಮಾಡಬೇಕು. ಮುದುಕರಿರಲಿ, ಮಕ್ಕಳಿರಲಿ, ಮದುವೆಗೆ ಹೊರಟ ಹುಡುಗಿಯೇ ಇರಲಿ, ಎಲ್ಲರೂ ಇಳಿದು ದೂರ ಹೋಗಿ ನಿಲ್ಲಬೇಕು. ನಾವು ಹೋಗುತ್ತಿದ್ದ ಪಂಪಿನಲ್ಲಿ ಹಾಗೆ ಇಳಿದವರಿಗೆಂದು ಗೋಡೆಯ ಪಕ್ಕ ತಗಡು ಹೊದಿಸಿ, ಅದರಡಿ ಒಂದು ಸಿಮೆಂಟಿನ ಬೆಂಚು ಕಟ್ಟಿದ್ದರು. ಕಾರು ನಿಲ್ಲುವ ಜಾಗದಿಂದ ಆ ಬೆಂಚಿಗೆ ಮೂವತ್ತೆರಡು ಹೆಜ್ಜೆ. ನಾನು ಗಣಿತದ ಟೀಚರು, ಎಣಿಸುವುದು ನನ್ನ ಚಾಳಿ. ಆದರೂ ಮೊದಲ ಎರಡು ವರ್ಷ ಅದನ್ನು ಎಣಿಸಿರಲಿಲ್ಲ. ನನ್ನ ಗಂಡನಿಗೆ ಆ ದೂರ ಭಾರವಾಗತೊಡಗಿದ ಮೇಲೆಯೇ ಎಣಿಸಿದ್ದು.

ಅವರು ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಕಾರಿಗೆ, ಆಟೋಗೆ ಕೂಡಿಸುವ ಗ್ಯಾಸ್ ಕಿಟ್ಟಿನ ವಾಲ್ವುಗಳನ್ನು ಅಲ್ಲಿ ಮಾಡುತ್ತಿದ್ದರು. ನಾನು ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಕೆಲಸಕ್ಕಿದ್ದೆ. ವಸಂತ್ ಕುಂಜ್‌ನಲ್ಲಿ ನೆಲಮಹಡಿಯ ಫ್ಲ್ಯಾಟು, ಒಬ್ಬಳೇ ಮಗಳು, ಒಂದು ಹಳೆಯ ಬಿಳಿ ಕಾರು. ನಮ್ಮವರದು ಆರಕ್ಕೇರದ ಮೂರಕ್ಕಿಳಿಯದ ಸ್ವಭಾವ. ನನ್ನ ಸ್ವಭಾವ ಹೇಗೆಂದು ಇಡೀ ಬ್ಲಾಕಿಗೆ ಗೊತ್ತಿತ್ತು. ತರಕಾರಿ ಭಯ್ಯಾ ನನ್ನನ್ನು ಕಂಡ ತಕ್ಷಣ ಮೆತ್ತಗಾದ ಟೊಮೆಟೊಗಳನ್ನು ತಾನಾಗಿಯೇ ಆಚೆ ಎತ್ತಿಡುತ್ತಿದ್ದ.

ನಾವು ದೆಹಲಿಗೆ ಬಂದಾಗ ಡೀಸೆಲ್ ಬಸ್ಸುಗಳ ಕಾಲ. ಶಾಲೆಯಿಂದ ಬಂದು ಮುಖ ತೊಳೆದರೆ ಬೇಸಿನ್ನಿನಲ್ಲಿ ಕಪ್ಪು ನೀರು ಇಳಿಯುತ್ತಿತ್ತು. ಮೂಗು ಒರೆಸಿದ ಕರವಸ್ತ್ರ ಒಲೆ ಒರೆಸಿದ ಬಟ್ಟೆಯಂತೆ ಇರುತ್ತಿತ್ತು. ಆಮೇಲೆ ಕೋರ್ಟಿನ ಆದೇಶವಾಗಿ ಬಸ್ಸು, ಆಟೋಗಳೆಲ್ಲ ಗ್ಯಾಸಿಗೆ ಬದಲಾದವು. ಆ ಗಲಾಟೆಯ ದಿನಗಳಲ್ಲಿ ಬಸ್ಸಿಲ್ಲದೆ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. ನಾನೂ ಬಿಸಿಲಲ್ಲಿ ನಿಂತು ಸರ್ಕಾರಕ್ಕೆ, ಕೋರ್ಟಿಗೆ, ಕೊನೆಗೆ ಮನೆಗೆ ಬಂದು ಗಂಡನಿಗೆ ಬೈದಿದ್ದೇನೆ. ಅವರು ಮಾತ್ರ ದಾರಿಯಲ್ಲಿ ಹೊಸ ಬಸ್ಸು ಕಂಡಾಗಲೆಲ್ಲ ಅದರ ಹಿಂದಿನ ಕೊಳವೆಯನ್ನೇ ನೋಡುತ್ತಿದ್ದರು. "ನೋಡೇ, ಹೊಗೆಯೇ ಇಲ್ಲ" ಎನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾನು ನಗಾಡುತ್ತಿದ್ದೆ. ಆದರೆ ನನ್ನ ಕರವಸ್ತ್ರ ಬೆಳ್ಳಗಾದದ್ದು ಸುಳ್ಳಲ್ಲ. ಒಂದು ಸಂಜೆ ಅದನ್ನು ನಾನೇ ಅವರ ಮುಂದೆ ಹಿಡಿದು ತೋರಿಸಿದೆ. ಅವರಿಗೆ ಬಡ್ತಿ ಸಿಕ್ಕ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ.

ನಮ್ಮ ಕಾರಿಗೂ ಕಿಟ್ ಬಂತು. ಡಿಕ್ಕಿಯ ತುಂಬ ಸಿಲಿಂಡರು. ಊರಿಂದ ನಮ್ಮಕ್ಕ ಬಂದಾಗ ಸ್ಟೇಷನ್ನಿನಿಂದ ಮನೆಯವರೆಗೆ ಸೂಟ್‌ಕೇಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. "ನಿನ್ನ ಗಂಡ ಗಾಳಿ ಉಳಿಸೋಕೆ ಹೋಗಿ ನನ್ನ ಮಂಡಿ ಮುರಿದ" ಅಂತ ಇವತ್ತಿಗೂ ಹೇಳುತ್ತಾಳೆ.

ಭಾನುವಾರ ಬೆಳಿಗ್ಗೆ ಪಂಪಿನಲ್ಲಿ ಸಾಲು ಚಿಕ್ಕದು, ಗ್ಯಾಸಿನ ಒತ್ತಡವೂ ಚೆನ್ನಾಗಿರುತ್ತದೆ ಅಂತ ಮೂವರೂ ಆರೂವರೆಗೆಲ್ಲ ಹೊರಡುತ್ತಿದ್ದೆವು. ಗ್ಯಾಸ್ ತುಂಬಿಸಿಕೊಂಡು ಅಲ್ಲಿಂದ ಚಾಣಕ್ಯಪುರಿಗೆ ಹೋಗಿ, ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ ಇಡ್ಲಿ ವಡೆ ತಿಂದು ಬರುವುದು ರೂಢಿ. ಬೆಂಚಿನ ಮೇಲೆ ಕೂತ ಆ ಐದು ಹತ್ತು ನಿಮಿಷದಲ್ಲಿ ನಮ್ಮವರು ಪಕ್ಕದಲ್ಲಿ ಯಾರೇ ಇರಲಿ, ಯಾಕೆ ಇಳಿಯಬೇಕು, ಸಿಲಿಂಡರಿನೊಳಗೆ ಎಷ್ಟು ಒತ್ತಡ, ಅದು ಸಿಡಿದರೆ ಏನಾಗುತ್ತದೆ ಅಂತ ಪಾಠ ಮಾಡುತ್ತಿದ್ದರು. ಗ್ಯಾಸ್ ತುಂಬುವ ನರೆಮೀಸೆಯ ಮನುಷ್ಯ ಅವರನ್ನು ಇಂಜಿನಿಯರ್ ಸಾಹಬ್ ಅಂತಲೇ ಕರೆಯುತ್ತಿದ್ದ.

ಮೊದಲು ಕಂಡದ್ದು ಕೆಮ್ಮು. ಒಣ ಕೆಮ್ಮು. ಚಳಿಗಾಲದಲ್ಲಿ ಇಡೀ ದೆಹಲಿಯೇ ಕೆಮ್ಮುತ್ತದೆ, ಹಾಗಾಗಿ ನಾವು ಲಕ್ಷ್ಯ ಕೊಡಲಿಲ್ಲ. ಬೇಸಿಗೆ ಬಂದರೂ ಹೋಗಲಿಲ್ಲ. ಒಂದು ಭಾನುವಾರ ಕಾರಿನಿಂದ ಬೆಂಚಿಗೆ ನಡೆಯುವಾಗ ಅವರು ನಡುವೆ ನಿಂತು ಚಪ್ಪಲಿ ಸರಿಮಾಡಿಕೊಂಡರು. ಮುಂದಿನ ವಾರವೂ ಅದೇ ಜಾಗದಲ್ಲಿ ಚಪ್ಪಲಿ ಸರಿಮಾಡಿಕೊಂಡರು. ಮೂರನೆಯ ವಾರ ನಾನು ಕೇಳಿಯೇಬಿಟ್ಟೆ, "ಏನ್ರೀ, ಚಪ್ಪಲಿಗೆ ಏನಾಗಿದೆ?"

"ಚಪ್ಪಲಿಗೇನೂ ಆಗಿಲ್ಲ. ಒಂಚೂರು ಉಸಿರು ತಗೊಳ್ತಾ ಇದೀನಿ" ಅಂದರು.

ಡಾಕ್ಟರು ಎದೆಯ ಎಕ್ಸ್‌ರೇ ಫೋಟೋಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಬೀಡಿ ಸಿಗರೇಟು ಮುಟ್ಟದ ಮನುಷ್ಯನ ಶ್ವಾಸಕೋಶ ಯಾಕೋ ಗಟ್ಟಿಯಾಗುತ್ತಿದೆ, ಸ್ಪಂಜು ಒಣಗಿದ ಹಾಗೆ, ಇದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ ಅಂದರು. ನಿಧಾನ ಮಾಡಬಹುದು. ಕೊನೆಗೆ ನನ್ನ ಕಡೆ ತಿರುಗಿ, "ಮೇಡಂ, ಸಾಧ್ಯವಾದರೆ ಈ ಊರು ಬಿಡಿ. ಇವರಿಗೆ ಇಲ್ಲಿನ ಒಂದೊಂದು ಚಳಿಗಾಲವೂ ದುಬಾರಿ" ಅಂದರು.

ನಾನು ಮರುದಿನವೇ ವರ್ಗಾವಣೆಗೆ ಅರ್ಜಿ ಹಾಕಿದೆ. ಗಂಡನ ಕಾಯಿಲೆಯ ಕಾಗದ ಜೊತೆಗಿದ್ದುದರಿಂದ ಬೇಗನೆ ಆಯಿತು. ಮೈಸೂರಿಗೆ. ಜುಲೈ ಮುಗಿಯುವುದರೊಳಗೆ ಹೋಗಿ ಸೇರಿಕೊಳ್ಳಬೇಕಿತ್ತು. "ನಾನು ಕೆಲಸ ಬಿಟ್ಟು ಮನೇಲಿ ಅಡುಗೆ ಮಾಡ್ಕೊಂಡಿರ್ತೀನಿ, ಉಪ್ಪು ಜಾಸ್ತಿ ಆದ್ರೆ ಬೈಬೇಡ" ಅಂದರು ನಮ್ಮವರು.

ಆ ವರ್ಷ ಮಳೆ ಚೆನ್ನಾಗಿ ಬಂತು. ದೆಹಲಿಯ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು. ಔಷಧಿಯೂ ಹಿಡಿದಿತ್ತೋ ಏನೋ, ಕೆಮ್ಮು ಕಡಿಮೆಯಾಯಿತು. ಭಾನುವಾರ ಅವರು ಬೆಂಚಿನವರೆಗೆ ಎಲ್ಲೂ ನಿಲ್ಲದೆ ನಡೆದರು. ಬೆಂಚಿನ ಮೇಲೆ ಕೂತು ಆಕಾಶ ತೋರಿಸಿ, "ಇಷ್ಟು ನೀಲಿ ನಾವು ಬಂದಾಗ ಇತ್ತೇನೇ? ಎಲ್ಲ ಗ್ಯಾಸಿನ ಪ್ರತಾಪ. ಇನ್ನೆರಡು ವರ್ಷ ನೋಡು, ಈ ಊರೇ ಮೈಸೂರು ಆಗತ್ತೆ" ಅಂದರು. ಮಳೆ ಮಾಡಿದ ಕೆಲಸಕ್ಕೆ ನಾವಿಬ್ಬರೂ ಗ್ಯಾಸಿಗೆ ಶಹಬ್ಬಾಸ್ ಕೊಟ್ಟೆವು.

ಅವರು ನಂಬಿದ್ದರು. ಅವರದು ಮುಗ್ಧತೆ. ನನ್ನದನ್ನು ಏನೆನ್ನಬೇಕೋ ತಿಳಿಯದು. ನಿಜ ಹೇಳುತ್ತೇನೆ, ನನಗೆ ಮೈಸೂರಿಗೆ ಹೋಗಲು ಮನಸ್ಸಿರಲಿಲ್ಲ. ದೊಡ್ಡ ತರಗತಿಗಳನ್ನು ಆಗಷ್ಟೇ ನನ್ನ ಕೈಗೆ ಕೊಟ್ಟಿದ್ದರು. ಅಲ್ಲಿಗೆ ಹೋದರೆ ಅತ್ತೆಮನೆ ಎರಡು ಬೀದಿ ಆಚೆ. ಹದಿನಾಲ್ಕು ವರ್ಷ ಯಾರ ಸೊಸೆಯೂ ಆಗದೆ ಬದುಕಿದವಳು ಮತ್ತೆ ಎಷ್ಟು ಹೊತ್ತಿಗೆ ಬಂದೆ, ಯಾಕೆ ತಡ ಅನ್ನುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಇವೆಲ್ಲ ಕಾರಣಗಳನ್ನು ಒಳಗಿಟ್ಟುಕೊಂಡು ನಾನು ಆ ನೀಲಿ ಆಕಾಶವನ್ನು ನೋಡಿದೆ. ಅದು ನನಗೆ ಬೇಕಾದ್ದನ್ನೇ ಹೇಳಿತು.

ವರ್ಗಾವಣೆ ರದ್ದು ಮಾಡಿ ಎಂದು ಪತ್ರ ಬರೆದೆ. ಸಂಜೆ ನಮ್ಮವರು ಕೇಳಿದರು, "ಏನಂತ ಬರೆದೆ?"

"ನಿಮ್ಮ ಆರೋಗ್ಯ ಸುಧಾರಿಸಿದೆ ಅಂತ."

"ಹಾಗಾದ್ರೆ ಸುಧಾರಿಸಲೇಬೇಕಲ್ಲ, ಸರ್ಕಾರಕ್ಕೆ ಸುಳ್ಳು ಹೇಳೋಕಾಗತ್ತಾ" ಅಂತ ನಕ್ಕರು. ನಾನೂ ನಕ್ಕೆ.

ದೀಪಾವಳಿ ಕಳೆದದ್ದೇ ತಡ, ಆಕಾಶ ಕೆಳಗಿಳಿಯಿತು. ಬಸ್ಸುಗಳೇನೋ ಗ್ಯಾಸಿನಲ್ಲೇ ಓಡುತ್ತಿದ್ದವು. ಆದರೆ ನಮ್ಮ ಗೇಟಿನ ಮುಂದೆ ಒಂದಿದ್ದಲ್ಲಿ ಮೂರು ಮೂರು ಕಾರು ನಿಂತಿದ್ದವು, ಅವುಗಳಲ್ಲಿ ಎಷ್ಟೋ ಹೊಸ ಡೀಸೆಲ್ ಕಾರುಗಳು. ಸುತ್ತಮುತ್ತ ಕಟ್ಟಡಗಳ ಧೂಳು, ಹಳ್ಳಿಗಳ ಕಡೆಯಿಂದ ಕೂಳೆ ಸುಟ್ಟ ಹೊಗೆ. ನನ್ನ ಕರವಸ್ತ್ರ ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ನಾನು ಅದನ್ನು ಅವರಿಗೆ ಕಾಣದ ಹಾಗೆ ಒಗೆದು ಒಣಗಿಸುತ್ತಿದ್ದೆ.

ಆ ಚಳಿಗಾಲ ಬೆಂಚಿನ ದಾರಿಯಲ್ಲಿ ಅವರು ಎರಡು ಕಡೆ ನಿಂತರು. ಮುಂದಿನ ಚಳಿಗಾಲ ನಾಲ್ಕು ಕಡೆ. ಆಗ ಎಣಿಸಿದ್ದು ಮೂವತ್ತೆರಡು ಹೆಜ್ಜೆ. ಹೋಗಲಿ, ಕಾರು ನಾನೊಬ್ಬಳೇ ಒಯ್ದು ತುಂಬಿಸಿಕೊಂಡು ಬರುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಕಾರ್ಖಾನೆಗೆ ಹೋಗುವುದು ನಿಂತಿತ್ತು, ಅವರಿಗೆ ಉಳಿದಿದ್ದ ಹೊರಗಿನ ಲೋಕ ಆ ಪಂಪು ಮತ್ತು ಆ ಇಡ್ಲಿ. ಮತ್ತೆ ವರ್ಗಾವಣೆ ಕೇಳಲು ಹೋದೆ. ಗುಮಾಸ್ತ ಫೈಲು ತೆಗೆದು, "ಹೋದ ಸಲ ಪತಿಯ ಆರೋಗ್ಯ ಸುಧಾರಿಸಿದೆ ಅಂತ ನೀವೇ ಬರೆದಿದ್ದೀರಲ್ಲ ಮೇಡಂ" ಅಂದ. ಅವನ ಮೇಲೆ ರೇಗಿದೆ. ಅವನದೇನೂ ತಪ್ಪಿರಲಿಲ್ಲ. ಅರ್ಜಿ ಸಾಲಿನ ಕೊನೆಗೆ ಹೋಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ತೋರಿಸಲು ಹೊರಟಿದ್ದೆ. ಕೆಲಸದ ದಿನ, ಮಗಳು ಶಾಲೆಗೆ ಹೋಗಿದ್ದಳು. ಮಂಜು ಕವಿದು ಎದುರಿನ ಕಾರು ಕಾಣುತ್ತಿರಲಿಲ್ಲ. ದಾರಿಯಲ್ಲಿ ಗ್ಯಾಸಿನ ಕೆಂಪು ದೀಪ ಹತ್ತಿತು. ನಾನು ಯೋಚಿಸಲೇ ಇಲ್ಲ, ದಾರಿಯಲ್ಲೇ ಇದ್ದ ಪಂಪಿಗೆ ಕಾರು ತಿರುಗಿಸಿದೆ. ದೊಡ್ಡ ಸಾಲಿತ್ತು. ಅರ್ಧ ಗಂಟೆ ಕಾದು ನಮ್ಮ ಸರದಿ ಬಂತು.

ನರೆಮೀಸೆಯವನು ಕಿಟಕಿಯಲ್ಲಿ ಬಗ್ಗಿ ನೋಡಿ, "ಸಾಹಬ್ ಬೈಠೇ ರಹೇಂ, ಮೇಡಂ" ಅಂದ. ಸಾಹೇಬರು ಕೂತಿರಲಿ, ಪರವಾಗಿಲ್ಲ ಅಂತ. ನಾನೂ ಅದನ್ನೇ ಹೇಳಿದೆ.

ನಮ್ಮವರು ತಲೆಯಾಡಿಸಿದರು. "ಎಲ್ಲರಿಗೂ ಇಳೀರಿ ಅಂತ ಹೇಳಿ, ನಾನೇ ಕೂತಿರ್ಲಾ?" ಅಂದು ಬಾಗಿಲು ತೆಗೆದರು.

ಇಳಿಯುವುದಕ್ಕೇ ಎರಡು ನಿಮಿಷವಾಯಿತು. ನಾನು ತೋಳು ಹಿಡಿಯಲು ಹೋದೆ, ಬೇಡ ಅಂದರು. ಆರು ಹೆಜ್ಜೆ ಇಟ್ಟು ನಿಂತರು. ಮತ್ತೆ ನಾಲ್ಕು ಹೆಜ್ಜೆ ಇಟ್ಟು ಕಂಬ ಹಿಡಿದರು. ಅವರು ದೂರ ಹೋಗುವವರೆಗೆ ಗ್ಯಾಸ್ ಹಾಕುವಂತಿಲ್ಲ, ಆ ಮನುಷ್ಯ ಕೊಳವೆ ಹಿಡಿದು ಸುಮ್ಮನೆ ನಿಂತಿದ್ದ. ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ, ಅದನ್ನು ಕೇಳಿ ಇನ್ನೊಬ್ಬ, ಆಮೇಲೆ ಇಡೀ ಸಾಲು. ಡಾಕ್ಟರ ಸಮಯ ಮೀರುತ್ತಿತ್ತು. ನನ್ನ ಕೋಪಕ್ಕೆ ಆ ಹಾರ್ನಿನವರು ಸಿಗಬೇಕಿತ್ತು, ಇಲ್ಲ ಆ ಗುಮಾಸ್ತ, ಇಲ್ಲ ಆ ಊರೇ. ಸಿಕ್ಕಿದ್ದು ಅವರು.

"ಬೇಗ ನಡೀರೀ" ಅಂದೆ. "ನಿಮ್ಮೊಬ್ಬರಿಂದ ಎಲ್ಲರಿಗೂ ತಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ತಿರುಗಿ ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಕಂಬ ಬಿಟ್ಟರು. ನಾನು ಹೇಳಿದಂತೆಯೇ ಬೇಗ ನಡೆದರು. ಉಳಿದ ಅಷ್ಟೂ ಹೆಜ್ಜೆಯನ್ನು ಒಂದೇ ಸಮನೆ, ಹೆಚ್ಚುಕಡಿಮೆ ಓಡಿದ ಹಾಗೆ ನಡೆದು ಬೆಂಚಿನ ಮೇಲೆ ಕುಸಿದರು. ನಾನು ಓಡಿಹೋದಾಗ ತುಟಿ ನೀಲಿಯಾಗಿತ್ತು, ಎರಡು ಕೈಯಲ್ಲೂ ಮಂಡಿ ಹಿಡಿದಿದ್ದರು, ಎದೆ ಮೇಲೆ ಕೆಳಗೆ ಹಾರುತ್ತಿತ್ತು. ಮಾತಾಡಬೇಡಿ ಅಂದೆ. ಆದರೂ ಎರಡು ಉಸಿರಿನ ನಡುವೆ ಹೇಳಿದರು.

"ಸಾರಿ ಕಣೇ. ತಡ ಮಾಡ್ಬಿಟ್ಟೆ."

ಸಾಲಿನಲ್ಲಿದ್ದ ಇಬ್ಬರು ಓಡಿಬಂದು ಅವರನ್ನು ಎತ್ತಿ ಕಾರಿನೊಳಗೆ ಮಲಗಿಸಿದರು. ನರೆಮೀಸೆಯವನು ಕೊಳವೆ ಬಿಸಾಡಿ ಬಂದು, ನನ್ನ ಸ್ಟಿಯರಿಂಗಿನ ಪಕ್ಕದ ಗುಂಡಿಯನ್ನು ತಾನೇ ಒತ್ತಿ, "ಪೆಟ್ರೋಲ್ ಪರ್ ಜಾಯಿಯೇ" ಅಂದ. ಪೆಟ್ರೋಲ್ ಮೇಲೆ ಹೋಗಿ ಅಂತ. ಕಿಟ್ ಹಾಕಿಸಿದ ಕಾರು ಎರಡರಲ್ಲೂ ಓಡುತ್ತದೆ. ಮುಳ್ಳು ನೋಡಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಆಸ್ಪತ್ರೆಗೆ ಹೋಗಿ ಮನೆಗೆ ವಾಪಸು ಬರುವಷ್ಟು ಇತ್ತು. ಅವರನ್ನು ಆ ದಿನ ಕಾರಿನಿಂದ ಇಳಿಸುವ ಅಗತ್ಯವೇ ಇರಲಿಲ್ಲ.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ವರ್ಗಾವಣೆ ರದ್ದು ಮಾಡಿಸಿದ್ದಕ್ಕೆ ಅತ್ತೆಮನೆಯವರು ನನ್ನನ್ನು ಬೈದರು, ಆಮೇಲೆ ಕ್ಷಮಿಸಿದರು. ಹಣೆಬರಹ ಅಂದರು. ಪಂಪಿನಲ್ಲಿ ನಾನು ಆಡಿದ ಮಾತು ಯಾರಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಅಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ.

ಆ ಹನ್ನೆರಡು ದಿನವೂ ಸಂಜೆ ನಾಲ್ಕರಿಂದ ಐದರವರೆಗಿನ ಭೇಟಿಯ ಹೊತ್ತು ನಮ್ಮಿಬ್ಬರಿಗೇ ಸಿಗುತ್ತಿತ್ತು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು, ಕಿವಿ ಚೆನ್ನಾಗಿ ಕೇಳುತ್ತಿತ್ತು. ಮಗಳ ಪರೀಕ್ಷೆಯ ಬಗ್ಗೆ ಹೇಳಿದೆ. ಮಂಜು ಕಡಿಮೆಯಾಗಿದೆ ಅಂದೆ. ಪಕ್ಕದ ಮನೆಯವರೂ ಗ್ಯಾಸ್ ಕಿಟ್ ಹಾಕಿಸಿದರು ಅಂದೆ, ಅದು ನಿಜವೇ ಆಗಿತ್ತು, ಅದಕ್ಕೆ ಹೆಬ್ಬೆರಳು ಎತ್ತಿ ತೋರಿಸಿದರು. ತಪ್ಪಾಯಿತು ಅನ್ನುವ ಒಂದು ಮಾತು ದಿನಾ ಗಂಟಲವರೆಗೆ ಬರುತ್ತಿತ್ತು. ಈಗಲೇ ಕ್ಷಮೆ ಕೇಳಿಬಿಟ್ಟರೆ ತಾವಿನ್ನು ಮನೆಗೆ ಮರಳುವುದಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿ, ನಾಳೆ ಕೇಳೋಣ ಅಂತ ದಿನಾ ನುಂಗಿಕೊಂಡೆ. ಹದಿಮೂರನೆಯ ದಿನ ನಾಲ್ಕು ಗಂಟೆಗೆ ಹೋದಾಗ ಅವರ ಖಾಲಿ ಹಾಸಿಗೆಯ ಚಾದರವನ್ನು ನರ್ಸುಗಳು ಬದಲಿಸುತ್ತಿದ್ದರು.